ಪೇಷಂಟ್ ಕೊಡಿಸ್ತೀವಿ ಅಂತ ಬಂದವರಿಗೆ ದುಡ್ಡು ಕೊಡಬೇಡಿ

ಮನೆಗೇ ಹೋಗಿ ರೋಗಿಗಳನ್ನು ನೋಡುವ ಡಾಕ್ಟರುಗಳು, ಅದರಲ್ಲೂ ಈಗಷ್ಟೇ ಶುರು ಮಾಡಿದವರು, ದಯವಿಟ್ಟು ಇದನ್ನು ಓದಿ.

ನಾನು ಮೈಸೂರಿನಲ್ಲಿ ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡುತ್ತೇನೆ. ಕುವೆಂಪುನಗರ, ಸರಸ್ವತಿಪುರಂ ಕಡೆ ಜಾಸ್ತಿ. ಸ್ಟ್ರೋಕ್ ಆಗಿ ಮಲಗಿದವರು, ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ) ಬದಲಿಸಬೇಕಾದವರು, ಮಲಗಿ ಮಲಗಿ ಬೆನ್ನಲ್ಲಿ ಹುಣ್ಣಾದವರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಯಜಮಾನರನ್ನು ಆಟೋ ಹತ್ತಿಸುವ ಶಕ್ತಿ ಅಜ್ಜಿಗೆ ಎಲ್ಲಿಂದ ಬರಬೇಕು?

ಮೊದಲ ವರ್ಷ ವಾರಕ್ಕೆ 4-5 ಮನೆ ಸಿಕ್ಕರೆ ಅದೇ ಹೆಚ್ಚು. ಅದರಲ್ಲೂ ಮುಕ್ಕಾಲು ಪಾಲು ಹಿರಿಯ ಫ್ಯಾಮಿಲಿ ಡಾಕ್ಟರೊಬ್ಬರು ಕಳಿಸಿದವರು. ಆಗ ಒಬ್ಬ ಏಜೆಂಟ್ ಬಂದ. "ತಿಂಗಳಿಗೆ 30 ಪೇಷಂಟ್ ಗ್ಯಾರಂಟಿ ಸರ್. 40,000 ಅಡ್ವಾನ್ಸ್, ಆಮೇಲೆ ತಲೆಗಿಷ್ಟು" ಅಂದ. ಬಾಡಿಗೆ, ಸಾಲ ಎಲ್ಲ ಕಣ್ಮುಂದೆ ಬಂತು. ಕೊಟ್ಟೆ.

ವಾಟ್ಸಾಪ್‌ಗೆ ಮೊದಲು ಬಂದದ್ದು ಒಬ್ಬ ಅಜ್ಜನ ಡಿಸ್ಚಾರ್ಜ್ ಸಮರಿಯ, ಅಂದರೆ ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಚೀಟಿಯ, ಫೋಟೋ. ಹೆಸರು, ಮನೆ ನಂಬರ್, ಮಗಳ ಫೋನ್, ಕಾಯಿಲೆ, ಎಲ್ಲ ಇತ್ತು. ಕಾಗದದ ಮೂಲೆಯಲ್ಲಿ ಅದನ್ನು ಹಿಡಿದವರ ಹೆಬ್ಬೆರಳು. ಹಿಂದೆ ವಾರ್ಡಿನ ಟ್ರಾಲಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ಹೋದೆ. ಬಾಗಿಲು ತೆಗೆದ ಮಗಳು, "ನಮ್ಮ ನಂಬರ್ ನಿಮಗೆ ಯಾರು ಕೊಟ್ರು ಡಾಕ್ಟ್ರೇ? ಆಸ್ಪತ್ರೆಯವರೇ ಫ್ರೀ ಚೆಕಪ್‌ಗೆ ಕಳಿಸ್ತಾರೆ ಅಂದಿದ್ರಲ್ಲ?" ಅಂದರು. ನನಗೆ ಬಾಯೇ ಬರಲಿಲ್ಲ. ಅಜ್ಜನ ಬಿಪಿ ನೋಡಿ, ಫೀಸು ತಗೊಳ್ಳದೆ ಬಂದೆ.

30 ಅಂದವನು ಕಳಿಸಿದ್ದು 6. ಆಮೇಲೆ ಫೋನ್ ಸ್ವಿಚ್ ಆಫ್.

ದುಡ್ಡು ಹೋದದ್ದಕ್ಕಿಂತ ನೋವಾದದ್ದು ಬೇರೆ. ಅವನು ನನ್ನ ಕಾರ್ಡ್ ಹಿಡಿದುಕೊಂಡು ಆ ಹಿರಿಯ ಡಾಕ್ಟರ ಕ್ಲಿನಿಕ್‌ಗೂ ಹೋಗಿದ್ದ. ಪೇಷಂಟ್ ಕಳಿಸಿದರೆ ನಿಮಗೂ ಕಮಿಷನ್ ಇದೆ ಅಂದಿದ್ದ. ಅವರು ಫೋನ್ ಮಾಡಿ, "ನೀನು ಚೆನ್ನಾಗಿ ನೋಡ್ತೀಯ ಅಂತ ಕಳಿಸ್ತಿದ್ದೆ ಕಣಯ್ಯ" ಅಂದರು. ಅಷ್ಟೇ. ಮೂರು ತಿಂಗಳು ಅವರಿಂದ ಒಬ್ಬರೂ ಬರಲಿಲ್ಲ.

ಇನ್ನೊಂದು ವಿಷಯ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳಲ್ಲೇ ಇದೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದರು. ಮಾರ್ಕೆಟಿಂಗ್ ಫೀಸ್ ಅಂತ ಬಿಲ್ ಬರೆಸಿಕೊಂಡರೂ ಕಮಿಷನ್ ಕಮಿಷನ್ನೇ. ದೂರು ಹೋದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಮುಂದೆ ಉತ್ತರ ಕೊಡಬೇಕಾದವರು ನಾವು, ಏಜೆಂಟ್ ಅಲ್ಲ.

ಈಗ ಯಾರ ಮನೆಗೆ ಹೋದರೂ, ಅವರ ಒಪ್ಪಿಗೆ ಪಡೆದು, ಅವರ ಫ್ಯಾಮಿಲಿ ಡಾಕ್ಟರಿಗೆ ಅವತ್ತೇ ಸಂಜೆ ಅರ್ಧ ಪುಟ ಬರೆದು ಕಳಿಸುತ್ತೇನೆ. ಬಿಪಿ ಎಷ್ಟಿತ್ತು, ಶುಗರ್ ಎಷ್ಟಿತ್ತು, ಯಾವ ಮಾತ್ರೆ ಬದಲಿಸಿದೆ, ಯಾಕೆ. ರೋಗಿ ಆ ಡಾಕ್ಟರ ಕಡೆಯವರೇ, ನಾನು ಕಿತ್ತುಕೊಳ್ಳಲು ಬಂದಿಲ್ಲ ಅನ್ನೋದು ಅವರಿಗೆ ಗೊತ್ತಾಗಬೇಕಲ್ವಾ? ಫಿಸಿಯೋಥೆರಪಿಯವರು, ಹೋಂ ನರ್ಸ್‌ಗಳು, ಮೆಡಿಕಲ್ ಶಾಪಿನವರನ್ನೂ ಕಂಡು ಮಾತಾಡಿದೆ. ಕಮಿಷನ್ ಇಲ್ಲ ಅನ್ನೋದನ್ನು ಮೊದಲೇ ಹೇಳಿದೆ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ನನಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂತಲೂ ಹೇಳಿದೆ.

ನಾಲ್ಕನೇ ತಿಂಗಳು ಹಿರಿಯರ ಫೋನ್ ಬಂತು. "ನಮ್ಮ ಬೀದಿ ಮೇಷ್ಟ್ರಿಗೆ ಕ್ಯಾತಿಟರ್ ಬದಲಿಸಬೇಕು, ಬೆಳಗ್ಗೆ ಹೋಗಿ ಬಾ. ಸಂಜೆ ಚೀಟಿ ಕಳಿಸು."

ಆ ಅಜ್ಜನ ಮಗಳಿಗೂ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಆಸ್ಪತ್ರೆಗೆ ದೂರು ಕೊಟ್ಟಿದ್ದಾರೆ. ನಿಮಗೂ ಇಂಥ ಫೋಟೋ ಬಂದರೆ ಆ ಮನೆಗೆ ಹೋಗಬೇಡಿ, ಬೇರೆಯವರಿಗೆ ಕಳಿಸಬೇಡಿ. ಮನೆಯವರಿಗೆ ಮೊದಲು ತಿಳಿಸಿ.