ಕಾಳಿ ರ‍್ಯಾಫ್ಟಿಂಗೋ, ಕುಮಾರ ಪರ್ವತವೋ?

ಥ್ರಿಲ್ ಎರಡರಲ್ಲೂ ಇದೆ. ಅಪಾಯ ಯಾರ ಕೈಯಲ್ಲಿದೆ ಅನ್ನುವುದರಲ್ಲಿ ವ್ಯತ್ಯಾಸ.

ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ. ದೋಣಿಯಲ್ಲಿ ಗೈಡ್ ಇರುತ್ತಾರೆ, ಅವರು ಹೇಳಿದಾಗ ಹುಟ್ಟು ಹಾಕಿದರಾಯಿತು. ಆದರೆ ಲೈಫ್ ಜಾಕೆಟ್ಟನ್ನು ಭುಜದ ಹತ್ತಿರ ಹಿಡಿದು ಮೇಲೆಳೆಸಿ ನೋಡಿ. ಕಿವಿವರೆಗೂ ಬಂದರೆ ಬೇರೆ ಕೇಳಿ, ಸಂಕೋಚ ಬೇಡ.

ಕುಮಾರ ಪರ್ವತ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ, ದಾರಿಯಲ್ಲಿ ಚಾರಣಿಗರು ತಂಗುವ ಭಟ್ಟರ ಮನೆ ದಾಟಿದ ಮೇಲೆ ಬೋಳು ಗುಡ್ಡ, ನೆರಳೇ ಕಡಿಮೆ. ಇಲ್ಲಿ ಗೈಡ್ ಇದ್ದರೂ ಕಾಲು ನಿಮ್ಮದೇ ಅಲ್ವಾ? ನೀರು ಮುಗಿಯುತ್ತಾ ಬಂದರೆ, ತುದಿ ಕಾಣುತ್ತಿದ್ದರೂ ವಾಪಸ್ ತಿರುಗಬೇಕು. ಮಂಡಿ ಕೈಕೊಡುವುದು ಇಳಿಯುವಾಗಲೇ ಜಾಸ್ತಿ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ನುಗ್ಗುವುದು ಸುಮ್ನೆ ಹುಚ್ಚು.

ಮೊದಲ ಸಲವಾದರೆ ನನ್ನ ಓಟು ಕಾಳಿಗೆ. ನಡೆದು ಅಭ್ಯಾಸ ಇರುವವರು ಚಳಿಗಾಲದಲ್ಲಿ ಪರ್ವತ ಹತ್ತಲಿ.