ಮಾಲಾ-ಎನ್ 2 ವರ್ಷ, ವಂಕಿ 6 ವರ್ಷ: ಬಳಸಿ ನೋಡಿದವಳ ಮಾತು

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮಗಳಿಗೆ ವರ್ಷ ತುಂಬಿದ ಮೇಲೆ ಮಾಲಾ-ಎನ್ ಶುರು ಮಾಡಿದೆ, ಬಸಿರಾಗದಂತೆ ನುಂಗುವ ಗುಳಿಗೆ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಒಂದು ಪಟ್ಟಿಯಲ್ಲಿ 28 ಗುಳಿಗೆ, 21 ಹಾರ್ಮೋನಿನವು, ಉಳಿದ 7 ಕಬ್ಬಿಣದವು. ಮುಟ್ಟು ತಾರೀಖಿಗೆ ಸರಿಯಾಗಿ ಬರುತ್ತಿತ್ತು, ಹೊಟ್ಟೆನೋವೂ ಕಡಿಮೆಯಾಯಿತು. ಆದರೆ ದಿನಾ ನೆನಪಿಟ್ಟು ನುಂಗಬೇಕಲ್ವಾ? ಭತ್ತದ ನಾಟಿ ಟೈಮಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಹೋದರೆ ಕತ್ತಲಾದ ಮೇಲೆ ಮನೆ, ಹೀಗಾಗಿ ಒಂದು ಸಲ ಮೂರು ಗುಳಿಗೆ ತಪ್ಪಿ ಹೋದವು. ಮುಟ್ಟು ಬರುವ ತನಕ ನಿದ್ದೆ ಇಲ್ಲ.

ಆಮೇಲೆ ವಂಕಿ ಹಾಕಿಸಿಕೊಂಡೆ, ಬಸಿರಾಗದಂತೆ ಗರ್ಭಕೋಶದೊಳಗೆ ಇಡುತ್ತಾರಲ್ಲ, ಅದೇ ಕಾಪರ್ ಟಿ 380ಎ. 10 ವರ್ಷ ಇಟ್ಟುಕೊಳ್ಳಬಹುದು, ಬೇಕಾದಾಗ ತೆಗೆಸಬಹುದು. ಇದರಲ್ಲಿ ಹಾರ್ಮೋನ್ ಇಲ್ಲ, ಕೆಲಸ ಮಾಡುವುದು ತಾಮ್ರ. ಹಾಕುವಾಗ ಜೋರಾಗಿ ಒಂದು ಚಳುಕು ಬಂತು, ಸ್ವಲ್ಪ ಹೊತ್ತಲ್ಲಿ ಎಲ್ಲ ಮುಗಿಯಿತು. ಕಷ್ಟ ಆದದ್ದು ಆಮೇಲೆ. ಐದು ದಿನದ ಮುಟ್ಟು ಎಂಟು ದಿನ ಆಯಿತು, ರಕ್ತ ಜಾಸ್ತಿ, ಸೊಂಟ ಹಿಡಿದುಕೊಳ್ಳುತ್ತಿತ್ತು. ಮೊದಲ ಕೆಲವು ತಿಂಗಳು ಹೀಗೆ ಆಗುವುದು ಸಾಮಾನ್ಯ ಅಂತ ಹಾಕಿದವರು ಒಂದು ಮಾತೂ ಹೇಳಿರಲಿಲ್ಲ. ನನಗೆ ಇದೇ ಬೇಜಾರು. ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ, ಅತ್ತೆ 'ಅದು ಎದೆಗೆ ಏರುತ್ತೆ, ತೆಗೆಸಿಬಿಡು' ಅಂದಾಗ ಅಳುತ್ತಲೂ ಇರಲಿಲ್ಲ. ಅದು ಎದೆಗೆಲ್ಲ ಏರುವುದಿಲ್ಲ. ಆರು ತಿಂಗಳಿಗೆ ಎಲ್ಲ ಹದಕ್ಕೆ ಬಂತು, ಆಮೇಲಿಂದ ಅದು ಇದೆ ಅನ್ನೋದೇ ಮರೆತುಹೋಗಿದೆ.

ಆದರೆ ನಮ್ಮ ನಾದಿನಿಗೆ ಇದನ್ನ ಹಾಕಿಸಿಕೋ ಅಂತ ನಾನು ಹೇಳಲಿಲ್ಲ. ಅವಳಿಗೆ ಮೊದಲೇ ಮುಟ್ಟಿನಲ್ಲಿ ರಕ್ತ ಜಾಸ್ತಿ, ಹಿಮೋಗ್ಲೋಬಿನ್ ಕಡಿಮೆ. ಡಾಕ್ಟರು ಹಾರ್ಮೋನ್ ಇರುವ ವಂಕಿ ಹಾಕಿದರು, ಮಿರೆನಾ ಅಂತ. ಮೂರ್ನಾಲ್ಕು ತಿಂಗಳು ಸುಮ್ನೆ ಆಗಾಗ ಕಲೆ ಕಾಣಿಸುತ್ತಿತ್ತು, ಈಗ ಮುಟ್ಟೇ ಹೆಸರಿಗೆ ಮಾತ್ರ. ಖಾಸಗಿಯಲ್ಲಿ ಹಾಕಿಸಿದ್ದು, ಸಾವಿರಾರು ರೂಪಾಯಿ ಆಯಿತು.

ಅದಕ್ಕೇ ಪಕ್ಕದ ಮನೆಯವರು ಹಾಕಿಸಿಕೊಂಡರು ಅಂತ ಹೋಗಬೇಡಿ. ನಿಮ್ಮ ಮುಟ್ಟು ಹೇಗಿದೆ ಅಂತ ಮೊದಲು ಡಾಕ್ಟರಿಗೆ ಬಿಡಿಸಿ ಹೇಳಿ. ಬಿಪಿ ಇದ್ದರೆ, ಕಣ್ಣು ಮಂಜಾಗಿ ಅರೆತಲೆನೋವು ಬರುತ್ತಿದ್ದರೆ, ಮಗು ಇನ್ನೂ ಆರು ತಿಂಗಳೊಳಗಿದ್ದು ಹಾಲು ಕುಡಿಯುತ್ತಿದ್ದರೆ ಮಾಲಾ-ಎನ್ ನಿಮಗಲ್ಲ. ವಂಕಿ ಹಾಕಿಸಿದವರು ಮುಟ್ಟು ಮುಗಿದ ಮೇಲೆ ಕೈ ತೊಳೆದು, ಒಳಗೆ ವಂಕಿಯ ತುದಿಯ ದಾರ ಬೆರಳಿಗೆ ಸಿಗುತ್ತಾ ನೋಡಿಕೊಳ್ಳಿ. ಸಿಗದಿದ್ದರೆ ಡಾಕ್ಟರಿಗೆ ತೋರಿಸುವ ತನಕ ಕಾಂಡೋಮ್ ಬಳಸಿ.