ಸಾದಾ ಪೇಟಿಯೋ, ಸ್ಕೇಲ್ ಚೇಂಜರ್ರೋ: ಎರಡು ಹಳೆ ಹಾರ್ಮೋನಿಯಂ ರಿಪೇರಿ ಮಾಡಿಸಿ ನುಡಿಸಿದ ಮೇಲೆ

ನನ್ನ ಮನೆಯಲ್ಲಿ ಈಗ ಎರಡು ಹಳೆ ಹಾರ್ಮೋನಿಯಂ ಇವೆ. ಒಂದು ಸಾದಾ ಪೇಟಿ, ನಮ್ಮ ಸೋದರಮಾವ ನಾಟಕಗಳಿಗೆ ನುಡಿಸುತ್ತಿದ್ದದ್ದು. ಇನ್ನೊಂದು ಸ್ಕೇಲ್ ಚೇಂಜರ್. ಅದು ಒಂದು ಭಜನಾ ಮಂಡಳಿಯ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು. "ಯಾರೂ ಮುಟ್ಟಲ್ಲ, ನೀವಾದ್ರೂ ತಗೊಂಡು ಹೋಗಿ" ಅಂದರು. ಎರಡನ್ನೂ ಒಬ್ಬರೇ ಮೇಸ್ತ್ರಿ ಹತ್ತಿರ ಬಿಚ್ಚಿಸಿ, ರಿಪೇರಿ ಮಾಡಿಸಿ, ಈಗ ಒಂದೂವರೆ ವರ್ಷದಿಂದ ನುಡಿಸುತ್ತಿದ್ದೇನೆ. ಹಳೆಯದೊಂದನ್ನು ಸರಿ ಮಾಡಿಸಬೇಕು ಅಂತಿರುವವರು ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಆಗಾಗ ಕೇಳುತ್ತಾರೆ. ನಾನು ಕಂಡದ್ದನ್ನು ಬರೆಯುತ್ತೇನೆ.

ಸ್ಕೇಲ್ ಚೇಂಜರ್ ನೋಡದವರಿಗೆ ಎರಡು ಮಾತು. ಸಾದಾ ಪೇಟಿಯಲ್ಲಿ ಯಾವ ಮನೆ (ಬೆರಳಲ್ಲಿ ಒತ್ತುವ ಕೀ) ಒತ್ತಿದರೆ ಯಾವ ರೀಡು (ಗಾಳಿಗೆ ಅದುರಿ ದನಿ ಕೊಡುವ ಲೋಹದ ಪಟ್ಟಿ) ಅನ್ನುವುದು ಕಾಯಂ. ಹಾಡುವವರು ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದರೆ ನೀವು ಕಪ್ಪು ಒಂದನ್ನೇ ಷಡ್ಜ ಮಾಡಿಕೊಂಡು ನುಡಿಸಬೇಕು. ಬಿಳಿ ಐದಕ್ಕೆ ಹೋದರೆ ಬೆರಳೂ ಅಲ್ಲಿಗೆ ಹೋಗಬೇಕು. ಸ್ಕೇಲ್ ಚೇಂಜರ್‌ನಲ್ಲಿ ಮನೆಗಳ ಇಡೀ ಸಾಲು ಒಂದು ಚೌಕಟ್ಟಿನ ಮೇಲೆ ಕೂತಿರುತ್ತದೆ. ಹಿಡಿಕೆಯನ್ನು ಕಚ್ಚಿನಿಂದ ಬಿಡಿಸಿ ಪಕ್ಕಕ್ಕೆ ತಳ್ಳಿದರೆ ಸಾಲು ಒಂದೊಂದೇ ಸ್ವರ ಸರಿಯುತ್ತದೆ. ಬೆರಳು ಅಲ್ಲೇ ಇರುತ್ತದೆ, ದನಿ ಬದಲಾಗುತ್ತದೆ. ನನ್ನದರಲ್ಲಿ ಒಂಬತ್ತು ಕಚ್ಚುಗಳಿವೆ, ಅಂದರೆ ಒಂಬತ್ತು ಶ್ರುತಿ.

ಈ ಉಪಾಯ ಪೇಟಿಗೇ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ರೈಲಿ ಎನ್ನುವವರು 1801ರಲ್ಲೇ ಇಂಥ ಪಿಯಾನೊಗೆ ಪೇಟೆಂಟ್ ತೆಗೆದುಕೊಂಡಿದ್ದರು. ಅಮೆರಿಕದ ಇರ್ವಿಂಗ್ ಬರ್ಲಿನ್ ಅಷ್ಟೊಂದು ಹಾಡು ಕಟ್ಟಿದವರು, ಆದರೆ ನುಡಿಸುತ್ತಿದ್ದದ್ದು ಬಹುಪಾಲು ಒಂದೇ ಶ್ರುತಿಯಲ್ಲಿ. ಎಫ್ ಶಾರ್ಪ್, ನಮ್ಮ ಲೆಕ್ಕದಲ್ಲಿ ಕಪ್ಪು ಮೂರು. ಬೇರೆ ಶ್ರುತಿ ಬೇಕಾದರೆ ಲಿವರ್ ಎಳೆಯುತ್ತಿದ್ದರು. ವೀಸರ್ ಬ್ರದರ್ಸ್ ಕಂಪನಿ ಮಾಡಿದ ಅವರ ಅಂಥದೊಂದು ಪಿಯಾನೊ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಒಂದೇ ಜಾಗದಲ್ಲಿ ಬೆರಳು ಪಳಗಿದ ಮನುಷ್ಯನಿಗೆ ಆ ಲಿವರ್ ಎಷ್ಟು ದೊಡ್ಡ ಆಸರೆ ಅಂತ ಮಂಡಳಿಗಳಲ್ಲಿ ನುಡಿಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಗಾಳಿಯ ವಿಷಯ. ಪೇಟಿಯ ಜೀವ ಇರುವುದೇ ಅಲ್ಲಿ.

ಸಾದಾ ಪೇಟಿಯ ಒಳಗೆ ಮನೆ ಅಂದರೆ ಒಂದೇ ಸನ್ನೆಗೋಲು. ಅದರ ಅಡಿಯಲ್ಲೇ ತೊಗಲು ಅಂಟಿಸಿದ ಮುಚ್ಚಳ ಇರುತ್ತದೆ. ಒತ್ತಿದರೆ ಮುಚ್ಚಳ ಏಳುತ್ತದೆ, ರೀಡಿಗೆ ಗಾಳಿ ಹೋಗುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಕೂರಿಸುತ್ತದೆ. ಸ್ಕೇಲ್ ಚೇಂಜರ್‌ನಲ್ಲಿ ಮನೆಗಳ ಸಾಲು ಓಡಾಡಬೇಕಾದ್ದರಿಂದ ಮುಚ್ಚಳವನ್ನು ಅದಕ್ಕೆ ಅಂಟಿಸಿ ಇಡುವ ಹಾಗಿಲ್ಲ. ಮುಚ್ಚಳಗಳದ್ದೇ ಬೇರೆ ಸಾಲು ಕೆಳಗಿರುತ್ತದೆ. ಮೇಲಿನದು ಕೆಳಗಿನದನ್ನು ಮುಟ್ಟಿ ಎಬ್ಬಿಸುತ್ತದೆ. ಇನ್ನೂ ಒಂದು ಮಾತು: ಸಾಲು ಸರಿದಾಗಲೂ ಕೊನೆಯ ಮನೆಗಳಿಗೆ ದನಿ ಬೇಕಲ್ವಾ? ಹಾಗಾಗಿ ಮನೆಗಳಿಗಿಂತ ರೀಡು ಜಾಸ್ತಿ ಇರಬೇಕು, ತೂತೂ ಜಾಸ್ತಿ, ಮುಚ್ಚಳವೂ ಜಾಸ್ತಿ. ಗಾಳಿ ಸೋರುವ ಜಾಗವೂ ಅಷ್ಟೇ ಜಾಸ್ತಿ.

ನಾನು ಮಾಡಿದ ಪರೀಕ್ಷೆ ಸುಲಭದ್ದು, ಯಾರು ಬೇಕಾದರೂ ಮಾಡಬಹುದು. ಒಂದು ಸ್ಟಾಪರ್ (ಗಾಳಿಯ ದಾರಿ ತೆರೆಯುವ ಗುಂಡಿ) ತೆಗೆದು, ತಿದಿ ಒತ್ತಿ ಒಳಗೆ ಗಾಳಿ ಪೂರ್ತಿ ತುಂಬಿಸಿ, ಯಾವ ಮನೆಯನ್ನೂ ಮುಟ್ಟದೆ ಕೈ ಬಿಟ್ಟು ಎಣಿಸುವುದು. ಒಳಗಿನ ತಿದಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ನೋಡುವುದು. ರಿಪೇರಿಗೆ ಮುಂಚೆ ಸಾದಾ ಪೇಟಿ 11 ಸೆಕೆಂಡ್ ಹಿಡಿಯಿತು. ಸ್ಕೇಲ್ ಚೇಂಜರ್ 4 ಸೆಕೆಂಡಿಗೇ ಕುಸಿಯಿತು. ರಿಪೇರಿ ಆದಮೇಲೆ ಸಾದಾ 26, ಸ್ಕೇಲ್ ಚೇಂಜರ್ 17. ಎರಡಕ್ಕೂ ಅದೇ ತೊಗಲು, ಅದೇ ಕೈ. ಆದರೂ ಆ ಒಂಬತ್ತು ಸೆಕೆಂಡಿನ ಅಂತರ ಮುಚ್ಚಲಾಗಲಿಲ್ಲ. ನುಡಿಸುವಾಗ ಇದು ಎಡಗೈಗೆ ಗೊತ್ತಾಗುತ್ತದೆ. ವಿಳಂಬದಲ್ಲಿ ಒಂದು ಸ್ವರ ಹಿಡಿದು ನಿಂತಾಗ ಸಾದಾ ಪೇಟಿಗೆ ತಿದಿಯನ್ನು ಹಗುರವಾಗಿ ತಾಕಿದರೆ ಸಾಕು. ಇನ್ನೊಂದಕ್ಕೆ ಕೈ ನಿಲ್ಲುವ ಹಾಗೇ ಇಲ್ಲ.

ಅಟ್ಟದಿಂದ ಇಳಿಸಿದ ಪೇಟಿಯನ್ನು ಮೇಸ್ತ್ರಿ ಬಿಚ್ಚಿದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. "ಹೊಟ್ಟಿ ಬಿಚ್ಚದ ಏನೂ ಹೇಳಾಕ ಬರಂಗಿಲ್ರೀ" ಅಂತ ಮೊದಲೇ ಹೇಳಿದ್ದರು. ಮನೆಗಳ ಚೌಕಟ್ಟು ಎತ್ತಿದಾಗ ಒಳಗಿನಿಂದ ಹಳೆ ಎಣ್ಣೆಯ ಕಮಟು ವಾಸನೆ ಬಂತು. ಮುಚ್ಚಳಗಳ ತೊಗಲು ಹಪ್ಪಳದ ಹಾಗೆ ಸೆಟೆದಿತ್ತು. ಒಂದನ್ನು ಅವರು ಉಗುರಲ್ಲಿ ಒತ್ತಿ ತೋರಿಸಿದರು. ಅದರ ಮೇಲೆ ರೀಡಿನ ತೂತಿನ ಅಚ್ಚು ಒಂದಲ್ಲ, ಎರಡು ಇದ್ದವು, ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಸರಿದು. ಹಿಂದೆ ಯಾರೋ ಮುಚ್ಚಳ ಕಿತ್ತು ಮತ್ತೆ ಕೂರಿಸುವಾಗ ಹಳೆ ಜಾಗಕ್ಕೆ ಸರಿಯಾಗಿ ಕೂರಿಸಿರಲಿಲ್ಲ. ಹಳೆ ಅಚ್ಚಿನ ಗುಂಡಿಯಿಂದಲೇ ಇಷ್ಟು ವರ್ಷ ಗಾಳಿ ಸೋರುತ್ತಿತ್ತು. ಹೊರಗಿನಿಂದ ಎಷ್ಟು ನೋಡಿದರೂ ಇದು ಕಾಣುವುದಿಲ್ಲ.

ಆ ಕಮಟು ವಾಸನೆ ಕೊಬ್ಬರಿ ಎಣ್ಣೆಯದು. ಸಾಲು ಬಿಗಿಯಾಗಿದೆ ಅಂತ ಯಾರೋ ಸರಿಯುವ ದಾರಿಗೆ ಎಣ್ಣೆ ಬಿಟ್ಟಿದ್ದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಎಣ್ಣೆಯನ್ನು ಮರ ಕುಡಿಯುತ್ತದೆ, ಮೇಲೆ ಉಳಿದದ್ದು ಧೂಳು ಹಿಡಿದು ಅಂಟಾಗುತ್ತದೆ. ನಾವು ಅದನ್ನೆಲ್ಲ ಕೆರೆದು ಒರೆಸಿ ತೆಗೆದು, ಮೊದಲು ಮೇಣದಬತ್ತಿ ಉಜ್ಜಿ ನೋಡಿದೆವು. ಎರಡು ತಿಂಗಳು ಚೆನ್ನಾಗಿತ್ತು. ಮಳೆಗಾಲ ಬಂದು ಮರ ಉಬ್ಬಿದಾಗ ಸಾಲು ಅರ್ಧದಲ್ಲೇ ನಿಂತಿತು. ಎರಡನೇ ಸಲ ಮೇಣ ತೆಗೆದು, ಮೆತ್ತನೆಯ ಪೆನ್ಸಿಲ್‌ನ ಸೀಸದ ಪುಡಿಯಲ್ಲಿ ಬಟ್ಟೆ ಅದ್ದಿ ಉಜ್ಜಿದೆವು. ಆಮೇಲೆ ಒಂದು ಇಡೀ ಮಳೆಗಾಲ ಕಳೆದಿದೆ, ಸಾಲು ಸಲೀಸಾಗಿ ಓಡುತ್ತಿದೆ. ಸಾದಾ ಪೇಟಿಗೆ ಈ ತಾಪತ್ರಯವೇ ಇಲ್ಲ.

ಬೆರಳಿಗೆ ಸಿಗುವ ಅನುಭವದಲ್ಲೂ ಸಾದಾ ಪೇಟಿಯೇ ಮುಂದೆ. ಸ್ಕೇಲ್ ಚೇಂಜರ್‌ನಲ್ಲಿ ಮೇಲಿನ ಮನೆ ಕೆಳಗಿನದನ್ನು ಮುಟ್ಟುವ ಮುಂಚೆ ಒಂದು ಸಣ್ಣ ಖಾಲಿ ಜಾಗ ಇದೆ. ದ್ರುತ್ ತಾನದಲ್ಲಿ, ಅಂದರೆ ಸ್ವರಗಳು ವೇಗವಾಗಿ ಓಡುವಾಗ, ಅದು ತೊಡಕಾಗುತ್ತದೆ. ಮಧ್ಯೆ ಫೆಲ್ಟಿನ ತುಂಡು ಕೊಟ್ಟು ಖಾಲಿ ಜಾಗ ಕಡಿಮೆ ಮಾಡಿದೆವು. ಆದರೆ ಪೂರ್ತಿ ತುಂಬಿಸಿದರೆ ಮುಚ್ಚಳ ಕೂರದೆ ಮನೆ ಸುಮ್ನೆ ಕೂಗಲು ಶುರುವಾಗುತ್ತದೆ. ಒಂದು ಹದಕ್ಕೆ ನಿಲ್ಲಿಸಲೇಬೇಕು.

ಇಷ್ಟು ಓದಿದರೆ ಸಾದಾ ಪೇಟಿಯೇ ಗೆದ್ದಿತು ಅನ್ನಿಸಬಹುದು. ನನ್ನ ಮಟ್ಟಿಗೆ ಲೆಕ್ಕ ತಿರುಗಿದ್ದು ಶ್ರುತಿ ಕೂರಿಸುವ ಹೊತ್ತಿಗೆ.

ಪೇಟಿಗೆ ಸಾಮಾನ್ಯವಾಗಿ ಎಲ್ಲ ಸ್ವರಗಳ ಅಂತರ ಒಂದೇ ಬರುವ ಹಾಗೆ ಶ್ರುತಿ ಮಾಡುತ್ತಾರೆ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ (ಸೆಂಟ್ ಅಂದರೆ ಸ್ವರಗಳ ಅಂತರ ಅಳೆಯುವ ಮಾನ). ಷಡ್ಜದಿಂದ ಶುದ್ಧ ಗಾಂಧಾರಕ್ಕೆ 400. ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರ ಮಾತ್ರ 386ರಲ್ಲಿದೆ. ಅಂದರೆ ಪೇಟಿಯ ಗಾಂಧಾರ 14 ಸೆಂಟ್ ಏರಿಕೆ. ಧೈವತ 16 ಏರಿಕೆ. ಕೋಮಲ ಗಾಂಧಾರ ಉಲ್ಟಾ, 16 ಇಳಿಕೆ. ಪಂಚಮ ಬರೀ 2 ಸೆಂಟ್ ಇಳಿಕೆ, ಅದು ಕಿವಿಗೆ ಹೊಡೆಯುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಶ್ರುತಿಯ ದೂರೂ ಒಂದು. ಪೇಟಿ ನುಡಿಸುವವರಿಗೆ ಅದು ನೋವಿನ ಕಾಲ. ಆದರೆ ದೂರು ಸುಳ್ಳಾಗಿರಲಿಲ್ಲ.

ನನ್ನ ದನಿ ಕಪ್ಪು ಒಂದು. ಸಾದಾ ಪೇಟಿಯನ್ನು ಆ ಒಂದೇ ಷಡ್ಜಕ್ಕೆ ಹೊಂದಿಸಿ ಶ್ರುತಿ ಮಾಡಿ ಅಂತ ಮೇಸ್ತ್ರಿಗೆ ಕೇಳಿದೆ. ರೀಡಿನ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ನಾಲಗೆಯ ಕೆಳಗೆ ತೆಳು ಹಿತ್ತಾಳೆ ಪಟ್ಟಿ ತೂರಿಸಿ, ಎರಡು ಸಲ ಕೆರೆದು, ಊದಿ, ಕಿವಿ ಕೊಟ್ಟು, ಮತ್ತೆ ಒಂದು ಸಲ ಕೆರೆದು. ಹೀಗೆ ಮೂರು ದಿನ ಕೂತರು. ಕೊನೆಗೆ ಕಪ್ಪು ಒಂದು ಮತ್ತು ಅದರ ಗಾಂಧಾರ ಒಟ್ಟಿಗೆ ಒತ್ತಿದಾಗ ಮೊದಲಿದ್ದ ನಡುಕ ನಿಂತುಹೋಯಿತು. ಎರಡು ಸ್ವರ ಒಂದರೊಳಗೊಂದು ಕರಗಿದ ಹಾಗೆ ಕೇಳಿಸಿತು. ಯಮನ್ ರಾಗದ ಗಾಂಧಾರದ ಮೇಲೆ ನಿಂತರೆ ಈಗ ಕೆಳಗೆ ಇಳಿಯಲು ಮನಸ್ಸೇ ಬರುವುದಿಲ್ಲ.

ಆ ಖುಷಿಯಲ್ಲಿ ಸ್ಕೇಲ್ ಚೇಂಜರ್‌ಗೂ ಹಾಗೇ ಮಾಡಿ ಅಂದೆ. ಮೇಸ್ತ್ರಿ ಬೇಡ ಅಂದರು. ನಾನೇ ಒತ್ತಾಯ ಮಾಡಿದೆ. ಅದಕ್ಕಿದ್ದ ಎರಡು ಸಾಲು ರೀಡಿನಲ್ಲಿ ಒಂದಕ್ಕೆ ಮಾತ್ರ, ಬಿಳಿ ಒಂದನ್ನು ಷಡ್ಜ ಮಾಡಿ, ಶ್ರುತಿ ಕೂರಿಸಿಕೊಟ್ಟರು. ಆ ಕಚ್ಚಿನಲ್ಲಿ ಸೊಗಸಾಗಿತ್ತು. ಒಂದು ಸಂಜೆ ವಚನ ಹಾಡಲು ಬಂದ ಹುಡುಗಿ ಎರಡು ಸ್ವರ ಮೇಲೆ ಬೇಕು ಅಂದಳು. ಸಾಲನ್ನು ಎರಡು ಕಚ್ಚು ಸರಿಸಿದೆ. ಷಡ್ಜ, ಪಂಚಮ ಒಟ್ಟಿಗೆ ಹಿಡಿದೆ. ಪಂಚಮ ಪೂರ್ತಿ ಸೋತಿತ್ತು. ಮನೆಗಳು ಸರಿದವು, ರೀಡುಗಳು ಇದ್ದಲ್ಲೇ ಇದ್ದವು. ಹಳೆ ರಿಷಭ ಈಗ ಷಡ್ಜವಾಗಿತ್ತು, ಹಳೆ ಧೈವತ ಪಂಚಮವಾಗಿತ್ತು. ರಿಷಭ 204ರಲ್ಲಿ, ಧೈವತ 884ರಲ್ಲಿ. ನಡುವಿನ ಅಂತರ 680. ಬೇಕಾದದ್ದು 702. ಪಂಚಮವೇ 22 ಸೆಂಟ್ ಕೆಳಗಿದ್ದರೆ ಯಾರು ತಾನೆ ಹಾಡಲು ಸಾಧ್ಯ? ಹುಡುಗಿ ಎರಡು ಸಾಲು ಹಾಡಿ ನನ್ನ ಮುಖ ನೋಡಿದಳು. "ಸರ್, ಪೇಟಿ ಬೇಡ, ಬರೀ ತಂಬೂರಿ ಸಾಕು" ಅಂದಳು.

ಆ ಸಾಲನ್ನು ಮತ್ತೆ ಸಮ ಅಂತರಕ್ಕೆ ತರಿಸಿದೆ. ಹಾಗೆ ಮಾಡಲು ಹಳೆ ರೀಡುಗಳನ್ನು ಇನ್ನೊಂದು ಸಲ ಕೆರೆಯಬೇಕಾಯಿತು. ಕೆರೆದ ಲೋಹ ಮತ್ತೆ ಬರುವುದಿಲ್ಲ. ಅಂಥ ರೀಡುಗಳಿಗೆ ಹಾಗೆ ಮಾಡಿಸಿದ್ದು ನನಗೆ ಇವತ್ತಿಗೂ ಬೇಜಾರು.

ಹಾಗಾಗಿ ನಾನು ಕಂಡುಕೊಂಡದ್ದು ಇದು. ಸ್ಕೇಲ್ ಚೇಂಜರ್ ಅಂದರೆ ಸಮ ಅಂತರದ ಶ್ರುತಿಯೇ ಗತಿ, ಅದರಲ್ಲಿ ಬೇರೆ ದಾರಿ ಇಲ್ಲ. ಸಾದಾ ಪೇಟಿಗೆ ಆಯ್ಕೆ ಇದೆ. ಒಂದೇ ದನಿಗೆ ಅಂತ ಇಟ್ಟುಕೊಂಡರೆ ಅದನ್ನು ತಂಬೂರಿಯ ಹತ್ತಿರಕ್ಕೆ ತರಬಹುದು. ಆದರೆ ಹಾಗೆ ಮಾಡಿದ ಮೇಲೆ ಅದನ್ನು ಬೇರೆಯವರ ಹಾಡಿಗೆ ಒಯ್ಯುವ ಹಾಗಿಲ್ಲ. ನನ್ನ ಸಾದಾ ಪೇಟಿ ಈಗ ಮನೆ ಬಿಟ್ಟು ಹೋಗುವುದಿಲ್ಲ.

ಮಂಡಳಿಗೆ ಹೋಗುವುದು ಸ್ಕೇಲ್ ಚೇಂಜರ್. ಶನಿವಾರದ ಭಜನೆಯಲ್ಲಿ ಒಂದೇ ಸಂಜೆಗೆ ಐದಾರು ಜನ ಹಾಡುತ್ತಾರೆ. ಗಂಡಸರು ಕಪ್ಪು ಒಂದೋ ಬಿಳಿ ಎರಡೋ ಅಂದರೆ, ಹೆಂಗಸರು ಕಪ್ಪು ನಾಲ್ಕೋ ಐದೋ ಅನ್ನುತ್ತಾರೆ. ನುರಿತವರು ಸಾದಾ ಪೇಟಿಯಲ್ಲೇ ಎಲ್ಲ ಶ್ರುತಿಗೂ ನುಡಿಸುತ್ತಾರೆ, ಅವರ ಮುಂದೆ ಕೈ ಮುಗಿಯಬೇಕು. ನನಗೆ ಮೂರು ಶ್ರುತಿಗಳಲ್ಲಿ ಬೆರಳು ಓಡುತ್ತದೆ, ನಾಲ್ಕನೆಯದರಲ್ಲಿ ಯೋಚನೆ ಮಾಡುತ್ತಾ ನುಡಿಸುತ್ತೇನೆ. ಯೋಚನೆ ಮಾಡುತ್ತಾ ನುಡಿಸುವವನ ಜೊತೆ ಹಾಡುವವರಿಗೆ ಹಿತ ಇರುವುದಿಲ್ಲ. ಸಾಲು ಸರಿಸಿಕೊಂಡರೆ ನನ್ನ ಗಮನ ಅವರ ಹಾಡಿನ ಮೇಲಿರುತ್ತದೆ. ಅಷ್ಟಕ್ಕಾಗಿ ಗಾಳಿಯ ಕೊರತೆಯನ್ನೂ ಬೆರಳಿನ ತೊಡಕನ್ನೂ ನಾನು ಒಪ್ಪಿಕೊಂಡಿದ್ದೇನೆ. ಕಲಿಯುವ ಮಕ್ಕಳಿಗೆ ಮಾತ್ರ ಕೊಡುವುದಿಲ್ಲ. ಇದರಲ್ಲೇ ಕಲಿತರೆ ಒಂದೇ ಜಾಗ ರೂಢಿಯಾಗಿ, ಬೇರೆ ಪೇಟಿ ಮುಂದೆ ಕೂತಾಗ ಕೈ ಕಟ್ಟಿಹೋಗುತ್ತದೆ.

ಬಟನ್ ಒತ್ತಿದರೆ ಶ್ರುತಿ ಬದಲಾಗುವ ಎಲೆಕ್ಟ್ರಾನಿಕ್ ಕೀಬೋರ್ಡನ್ನೂ ಒಂದು ತಿಂಗಳು ನುಡಿಸಿದೆ. ಕೆಲಸ ಆಗುತ್ತದೆ. ಎಡಗೈಗೆ ತಿದಿ ಇಲ್ಲ, ಸ್ವರವನ್ನು ಉಸಿರಿನ ಹಾಗೆ ಹಿಗ್ಗಿಸುವುದಕ್ಕೆ ಆಗುವುದಿಲ್ಲ. ವಾಪಸು ಕೊಟ್ಟೆ.

ನಿಮ್ಮ ಮುಂದೆ ಹಳೆ ಸ್ಕೇಲ್ ಚೇಂಜರ್ ಬಂದರೆ ಪಾಲಿಶ್ ನೋಡಬೇಡಿ. ಸಾಲನ್ನು ಒಂದು ತುದಿಯ ಕಚ್ಚಿನಿಂದ ಇನ್ನೊಂದು ತುದಿಯ ಕಚ್ಚಿನವರೆಗೆ ಸರಿಸಿ, ಪ್ರತಿ ಕಚ್ಚಿನಲ್ಲೂ ಎಲ್ಲ ಮನೆ ಒತ್ತಿ. ಒಂದು ಕಚ್ಚಿನಲ್ಲಿ ಎರಡು ದನಿ ಒಟ್ಟಿಗೆ ಬಂದರೆ ಕಚ್ಚು ಸವೆದಿದೆ, ಸಾಲು ಅರ್ಧಕ್ಕೆ ನಿಲ್ಲುತ್ತಿದೆ ಅಂತ ಅರ್ಥ. ಅದನ್ನು ಬಡಗಿ ಕೆಲಸ ಬಲ್ಲ ಮೇಸ್ತ್ರಿ ಸರಿ ಮಾಡುತ್ತಾರೆ. ತೊಗಲು, ಸ್ಪ್ರಿಂಗ್, ತಿದಿಯ ಬಟ್ಟೆ ಎಲ್ಲ ಹೊಸದು ಹಾಕಬಹುದು. ರೀಡುಗಳನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ. ನಾಲಗೆಯ ಮೇಲೆ ಅಡ್ಡಾದಿಡ್ಡಿ ಆಳದ ಗೀರು ಕಂಡರೆ ಅದನ್ನು ತುಂಬಾ ಸಲ ಕೆರೆದಿದ್ದಾರೆ, ಅಂಥದನ್ನು ಬಿಟ್ಟುಬಿಡಿ. ಅಂಟಿನ ವಿಷಯದಲ್ಲಿ, ತಿದಿಗೆ ಬಿಳಿ ಅಂಟು ಬೇಡ ಅಂತ ಮೊದಲೇ ಹೇಳಿ. ಹಳೆ ಕಾಲದ ತೊಗಲಂಟು (ತೊಗಲು ಕುದಿಸಿ ಮಾಡುವ ಅಂಟು) ಆದರೆ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ, ಮುಂದೆ ಬಿಚ್ಚುವವರಿಗೆ ಮರ ಸೀಳುವ ಪ್ರಸಂಗ ಬರುವುದಿಲ್ಲ.

ನನ್ನದರಲ್ಲಿ ಇನ್ನೂ ಒಂದು ಕೆಲಸ ಬಾಕಿ ಇದೆ. ಒಂಬತ್ತನೇ ಕಚ್ಚಿನಲ್ಲಿ ತುದಿಯ ಎರಡು ಮನೆಗಳಿಗೆ ರೀಡೇ ಇಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಅದೇ ಕಾಲದ ಹಳೆ ರೀಡು ಸಿಗುವವರೆಗೆ ಹೊಸದು ಹಾಕುವುದು ಬೇಡ ಅಂತ ಮೇಸ್ತ್ರಿ ಹೇಳಿದ್ದಾರೆ. ನಾನೂ ಹೂಂ ಅಂದಿದ್ದೇನೆ.